ನೋಡುತ್ತ ನಿಂತವರು

ಬೇವಿನಕೆರೆಯಲ್ಲಿ ಹಾಲಿಗೇನೂ ಬರವಿರಲಿಲ್ಲ. ಶಿವನಿ ಸ್ಟೇಷನ್ನಿಗೆ ಹತ್ತಿರದ ಊರು, ಮನೆಮನೆಗೂ ಎಮ್ಮೆ, ಬೆಳಗಿನ ರೈಲಿಗೆ ಕ್ಯಾನುಗಟ್ಟಲೆ ಹಾಲು ಹೋಗುತ್ತಿತ್ತು. ಅಂಥ ಊರಿನಲ್ಲಿ ಹೈಸ್ಕೂಲಿನ ಮೇಡಂ ಮಲ್ಲಿಕಾಂಬಳಿಗೆ ಒಂದು ಲೋಟ ಹಾಲು ಹುಟ್ಟದ ಕಾಲವೊಂದು ಬಂತು. ಅವಳು ಮಾಡಿದ ತಪ್ಪು ಇಷ್ಟೇ: ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದ್ದಳು, ಅವರು ಚೆನ್ನಾಗಿ ಕಲಿತುಬಿಟ್ಟಿದ್ದರು.

ಮಲ್ಲಿಕಾಂಬ ತರೀಕೆರೆಯವಳು. ಅಪ್ಪ ಗಂಗಾಧರಯ್ಯ ಅಲ್ಲಿನ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮಗಳು ಮದುವೆ ಒಲ್ಲೆ ಎಂದು ಹಟ ಹಿಡಿದು ಬಿ.ಎಡ್. ಮಾಡಿದಳು. ಅಪ್ಪನಿಂದ ಅವಳಿಗೆ ಬಂದ ಆಸ್ತಿ ಎಂದರೆ ಎತ್ತರದ ದನಿ ಮತ್ತು ಒಂದು ಮಾತು. ಮಂಡಿಯಲ್ಲಿ ತೂಕದ ಜಗಳವಾದಾಗಲೆಲ್ಲ ಅವರು ಹೇಳುತ್ತಿದ್ದರಂತೆ: "ಕೊಟ್ಟೋನನ್ನೂ ಕೇಳು, ತಗಂಡೋನನ್ನೂ ಕೇಳು. ಆಮೇಲೆ ತಕ್ಕಡಿ ಪಕ್ಕ ನಿಂತಿದ್ದ ಹಮಾಲೀನ ಕೇಳು. ಅವನು ನೋಡಿರ್ತಾನೆ."

ಈ ಮಾತನ್ನೇ ಅವಳು ಚರಿತ್ರೆಯ ಪಾಠಕ್ಕೆ ತಂದಳು. ಹತ್ತನೇ ತರಗತಿಯಲ್ಲಿ ಯುರೋಪಿನಲ್ಲಿ ಹೆಂಗಸರನ್ನು ಮಾಟಗಾತಿಯರೆಂದು ಸುಟ್ಟ ಪಾಠವಿತ್ತು. ಮಕ್ಕಳು ಗೈಡು ನೋಡಿ ಉರು ಹೊಡೆದು ಒಪ್ಪಿಸುತ್ತಿದ್ದವು. ಯಾರನ್ನು ಸುಟ್ಟರು, ಯಾಕೆ ಸುಟ್ಟರು ಎಂಬುದು ಒಂದರ ಮನಸ್ಸಿಗೂ ಇಳಿದಿರಲಿಲ್ಲ. ಇವಳಿಗೆ ಸಿಟ್ಟು ಬಂತು. ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದಳು: ಮಾಡಿದವರು. ಅನುಭವಿಸಿದವರು. ನೋಡುತ್ತ ನಿಂತವರು. "ಜನರನ್ನ ಹಿಂಸೆ ಮಾಡಿದ್ದು ಪುಸ್ತಕದಲ್ಲಿ ಮಾತ್ರ ಇಲ್ಲ. ನಿಮ್ಮ ಸುತ್ತ ಎಲ್ಲಿ ಆಗಿದೆ ಅಂತ ಹುಡುಕಿ. ಈ ಮೂವರನ್ನೂ ಕೇಳಿ. ಮೂವರನ್ನೂ ಕೇಳದೆ ಒಂದು ಸಾಲೂ ಬರೀಬೇಡಿ," ಎಂದಳು.

ಮೊದಲ ವರ್ಷ ಮಕ್ಕಳು ಪಾಳೆಯಗಾರರ ಕಾಲದ ಕಥೆಗಳನ್ನು ತಂದವು. ಮುಂದಿನ ವರ್ಷ, ತುರ್ತು ಪರಿಸ್ಥಿತಿಯಲ್ಲಿ ಪಕ್ಕದ ಹಳ್ಳಿಯ ಗಂಡಸರನ್ನು ಜೀಪಿಗೆ ತುಂಬಿ ಸಂತಾನಹರಣದ ಆಪರೇಷನ್ನಿಗೆ ಒಯ್ದದ್ದನ್ನು ಬರೆದವು. ಶಾಲೆಯ ವಾರ್ಷಿಕೋತ್ಸವದಲ್ಲಿ ಒಬ್ಬ ಹುಡುಗ ಅದನ್ನು ಓದಿದಾಗ ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ಸತ್ತ ಪಾಳೆಯಗಾರರ ಮೇಲೆ, ದೂರದ ಸರ್ಕಾರದ ಮೇಲೆ ಬರೆಯುವಷ್ಟು ದಿನವೂ ಮೇಡಮ್ಮ ಊರಿಗೆ ಅಪರಂಜಿ. ಶಾಲೆಗೆ ಜಾಗ ಕೊಟ್ಟ ಲಕ್ಕಣ್ಣನಂತೂ ವೇದಿಕೆಯ ಮೇಲೆಯೇ ಅವಳಿಗೆ ಶಾಲು ಹೊದಿಸಿ, "ನಮ್ಮ ಮಕ್ಳಿಗೆ ಬಾಯಿ ಕೊಟ್ಟ ತಾಯಿ," ಎಂದು ಹೊಗಳಿದ. ಆ ಬಾಯಿ ತನ್ನ ಮನೆಯ ಅಂಗಳದಲ್ಲೇ ತೆರೆದುಕೊಳ್ಳುತ್ತದೆಂದು ಅವನು ಎಣಿಸಿರಲಿಲ್ಲ.

ಮರುವರ್ಷ ಹತ್ತನೇ ತರಗತಿಗೆ ಬಂದ ಸುಲೋಚನ ಲಕ್ಕಣ್ಣನ ಮೊಮ್ಮಗಳು. ಮಾತು ಕಡಿಮೆ, ಕಣ್ಣು ಚುರುಕು. ಊರ ಕೊನೆಯ ಗುಡಿಸಿಲಲ್ಲಿ ಎರಡು ಮೇಕೆ ಕಟ್ಟಿಕೊಂಡು ಒಂಟಿಯಾಗಿದ್ದ ಹುಲಿಗೆಮ್ಮ ಎಂಬ ಮುದುಕಿಯ ಬಾಯಿ ಅವಳ ಕಣ್ಣಿಗೆ ಬಿತ್ತು. ಮುದುಕಿಗೆ ಮುಂದಿನ ಹಲ್ಲು ಒಂದೂ ಇರಲಿಲ್ಲ. ಆದರೆ ದವಡೆ ಹಲ್ಲಿನಲ್ಲಿ ಗೋಟಡಿಕೆಯನ್ನು ಕಟಕ್ಕೆಂದು ಒಡೆಯುತ್ತಿದ್ದಳು. ವಯಸ್ಸಿಗೆ ಬಿದ್ದ ಹಲ್ಲಾದರೆ ಮುಂದಿನವು ಮಾತ್ರ ಯಾಕೆ ಬಿದ್ದವು? ಸುಲೋಚನ ಹೋಗಿ ಕೇಳಿದಳು.

ಹುಲಿಗೆಮ್ಮ ಮೊದಲು ಮೇಕೆಗೆ ಸೊಪ್ಪು ಹಾಕಿದಳು. ಆಮೇಲೆ ಹೇಳಿದಳು. ಅವಳು ಊರಿನ ಸೂಲಗಿತ್ತಿ. ಸಿಡುಬು ಬಂದು ಊರಿನ ಕೂಸುಗಳು ಸಾಲಾಗಿ ಸತ್ತ ವರ್ಷ, ಅವಳು ಹೆರಿಗೆ ಮಾಡಿಸಿದ ಮಕ್ಕಳೇ ಸಾಯುತ್ತಿವೆ ಎಂದು ಯಾರೋ ಲೆಕ್ಕ ಹಾಕಿದರು. ಊರಲ್ಲಿ ಹುಟ್ಟುವ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟುತ್ತಿದ್ದವೆಂಬುದು ಆ ಲೆಕ್ಕಕ್ಕೆ ಬರಲಿಲ್ಲ. ಮಾಟ ಮಾಡುತ್ತಾಳೆಂದು ಚಾವಡಿ ಮುಂದಿನ ಬೇವಿನ ಮರಕ್ಕೆ ಕಟ್ಟಿದರು. ಮುಂದಿನ ಹಲ್ಲು ಹೋದರೆ ಮಂತ್ರ ನಾಲಗೆಗೆ ಹತ್ತುವುದಿಲ್ಲ ಎಂಬುದು ಹಿಂದಿನಿಂದ ಬಂದ ನಂಬಿಕೆ. ಒರಳಿನ ಗುಂಡುಕಲ್ಲು ತಂದು ಜಜ್ಜಿದರು. ಕಲ್ಲು ಹಿಡಿದಿದ್ದವನು ಲಕ್ಕಣ್ಣ.

ಸುಲೋಚನ ಮೇಡಂ ಹೇಳಿದ ದಾರಿಯಲ್ಲೇ ನಡೆದಳು. ತಾತ ಊಟಕ್ಕೆ ಕೂತಾಗ ಎದುರಿಗೆ ನಿಂತು, "ತಾತ, ಹುಲಿಗೆಮ್ಮನ ಹಲ್ಲು ಮುರಿದಾಗ ನೀನು ಮಾಡಿದವರಲ್ಲಿದ್ಯಾ, ನೋಡ್ತಾ ನಿಂತವರಲ್ಲಿದ್ಯಾ?" ಎಂದಳು. ಉತ್ತರವಾಗಿ ಕೆನ್ನೆಗೆ ಏಟು ಬಿತ್ತು. ಬರೆದ ಹಾಳೆಗಳು ಒಲೆಗೆ ಹೋದವು.

ಮಾರನೆಯ ದಿನ ಲಕ್ಕಣ್ಣ ಶಾಲೆಗೆ ಬಂದ. ಹೆಡ್ಮಾಸ್ತರು ಷಡಕ್ಷರಿ ಕುರ್ಚಿ ಬಿಟ್ಟುಕೊಟ್ಟರೂ ಕೂರಲಿಲ್ಲ.

"ಏನ್ ಮೇಡಮ್ಮಾರೇ, ಅಕ್ಷರ ಕಲ್ಸಿ ಅಂತ ಮಗೀನ ಕಳ್ಸುದ್ರೆ ನಮ್ಮನೆ ಮೇಲೇ ಪಂಚಾಯ್ತಿ ಕೂರುಸ್ತೀರಾ?"

"ಅವಳು ಕೇಳಿದ್ದು ಸುಳ್ಳಾದ್ರೆ ಸುಳ್ಳು ಅನ್ನಿ ಯಜಮಾನ್ರೇ. ಅದನ್ನೂ ಬರೀತಾಳೆ," ಎಂದಳು ಮಲ್ಲಿಕಾಂಬ.

"ನನ್ ಮೊದಲ್ನೇ ಮಗ ಸತ್ತ ವರ್ಷ ಅದು. ಅದನ್ನ ಕೇಳುದ್ಲಾ ನಿಮ್ ಶಿಷ್ಯೆ?"

ಮಲ್ಲಿಕಾಂಬಳಿಗೆ ಇದು ಗೊತ್ತಿರಲಿಲ್ಲ. "ಅದನ್ನೂ ಹೇಳಿ. ಬರೀಲಿ," ಎಂದಳು.

"ಹೆತ್ತಿದ್ರೆ ಗೊತ್ತಾಗಿರೋದು ನಿಮ್ಗೆ," ಎಂದ ಲಕ್ಕಣ್ಣ, ಮೆಲ್ಲಗೆ. ಹೊರಗೆ ಹೋಗುವಾಗ ಹೆಡ್ಮಾಸ್ತರಿಗೆ, "ಈಯಮ್ಮ ಈ ಊರಲ್ಲಿ ಅದೆಂಗೆ ಅನ್ನ ಬೇಯಿಸ್ತಾರೋ ನೋಡಾನ," ಎಂದು ಹೇಳಿ ಹೋದ.

ಡಂಗುರ ಸಾರಲಿಲ್ಲ, ನ್ಯಾಯ ಸೇರಲಿಲ್ಲ. ಬೆಳಗ್ಗೆ ವರ್ತನೆ ಹಾಲಿನವಳು ಬರಲಿಲ್ಲ. ಕೇಳಲು ಹೋದರೆ, "ಎಮ್ಮೆ ಒದೀತೈತೆ ಕಣಮ್ಮ," ಎಂದಳು. ಊರಿನ ಎಮ್ಮೆಗಳೆಲ್ಲ ಒಂದೇ ದಿನ ಒದೆಯಲು ಕಲಿತಿದ್ದವು. ಅಂಗಡಿಯಲ್ಲಿ ಬೇಳೆ ಮುಗಿದಿತ್ತು, ಸೀಮೆಎಣ್ಣೆ ಬಂದಿರಲಿಲ್ಲ. ಮನೆಯ ಮಾಲೀಕ ಬೆನಕಪ್ಪ ಸೂರು ರಿಪೇರಿ ಮಾಡಿಸಬೇಕು, ಬೇರೆ ಮನೆ ನೋಡಿಕೊಳ್ಳಿ ಎಂದ. ಅವನ ಮುಖ ಇವಳ ಕಡೆಗಿರಲಿಲ್ಲ.

ಇಷ್ಟನ್ನು ಅವಳು ಸಹಿಸಿದಳು. ಭಾನುವಾರ ಅಜ್ಜಂಪುರದ ಸಂತೆಗೆ ಹೋಗಿ ಬೇಳೆ, ಎಣ್ಣೆ ಹೊತ್ತುಕೊಂಡು ಬಂದಳು. ಆದರೆ ಬೆನಕಪ್ಪನ ಕರು ಸತ್ತಿತು. ಲಕ್ಕಣ್ಣನ ಕಿರಿಯ ಮೊಮ್ಮಗನಿಗೆ ಜ್ವರ ಬಂತು. ಅಷ್ಟಕ್ಕೇ ಬಾವಿಕಟ್ಟೆಯ ಮಾತು ತಿರುಗಿತು. ಗಂಡನಿಲ್ಲದ ಹೆಂಗಸು, ಒಬ್ಬಳೇ ಕೂತು ಏನೇನೋ ಓದುತ್ತಾಳೆ, ಆ ಮಾಟದ ಮುದುಕಿಯ ಗುಡಿಸಿಲಿಗೆ ಮಕ್ಕಳನ್ನು ಕಳಿಸುತ್ತಾಳೆ, ಮೇಡಮ್ಮನ ಕಣ್ಣು ಸರಿಯಿಲ್ಲ. ಅವಳು ಬೀದಿಗೆ ಬಂದರೆ ತಾಯಂದಿರು ಕೂಸುಗಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಒಂದು ಬೆಳಗ್ಗೆ ಹೊಸಿಲ ಮೇಲೆ ಕುಂಕುಮ ಮೆತ್ತಿದ ನಿಂಬೆಹಣ್ಣು ಕೊಯ್ದು ಇಟ್ಟಿದ್ದರು. ಮಲ್ಲಿಕಾಂಬ ಅದನ್ನು ಕಾಲಿನಿಂದ ಬದಿಗೆ ತಳ್ಳಿ ಒಳಗೆ ಬಂದಳು. ಆಗ ತನ್ನ ನಾಲಗೆ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿರುವುದು ಅವಳಿಗೆ ತಿಳಿಯಿತು. ಹೆದರಿದ್ದಳು. ಹೆದರಿದ್ದಕ್ಕೆ ತನ್ನ ಮೇಲೆಯೇ ರೇಗಿದಳು.

ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ಸುಲೋಚನ ಏನು ಓದುತ್ತಾಳೆ ಎಂಬುದೇ ಈಗ ಊರಿನ ಪ್ರಶ್ನೆ. ಷಡಕ್ಷರಿ ಮೇಷ್ಟರು ಕೆಟ್ಟವರಲ್ಲ, ಪೆನ್ಷನ್ ಹತ್ತಿರವಿದ್ದವರು. ಮಲ್ಲಿಕಾಂಬಳನ್ನು ಕರೆದು ಕೂರಿಸಿದರು.

"ಯುರೋಪಿಂದೇ ಓದ್ಸಿ ಮೇಡಂ. ಸುಟ್ಟವರೂ ಸುಡಿಸ್ಕೊಂಡವರೂ ಯಾರೂ ಬಸ್ ಹತ್ತಿ ಇಲ್ಲಿಗೆ ಬರಲ್ಲ. ನಿಮ್ಮ ಮನೆ ಉಳಿಯುತ್ತೆ, ಹಾಲು ಬರುತ್ತೆ. ಆ ಹುಡುಗಿ ಬೆನ್ನೂ ಉಳಿಯುತ್ತೆ. ಇಲ್ಲ ಅಂದ್ರೆ ನಿಮಗೆ ವರ್ಗ ಖಂಡಿತ. ಅದಕ್ಕಿಂತ ಹೆಚ್ಚಿಂದು ಏನಾದ್ರೂ ಆದ್ರೆ ನಾನು ತಡೆಯಲಾರೆ."

ಮಲ್ಲಿಕಾಂಬ ಒಪ್ಪಿದಳು. ಹುಡುಗಿಗಾಗಿ ಒಪ್ಪಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಸುಲೋಚನಳಿಗೆ, "ಪಾಠದಲ್ಲಿರೋದನ್ನ ಓದು, ಸಾಕು," ಎಂದಳು. ಸುಲೋಚನ ತಲೆಯಾಡಿಸಿದಳು, ಏನೂ ಕೇಳಲಿಲ್ಲ. ಕೇಳುವ ಹುಡುಗಿ ಕೇಳದೆ ಹೋದದ್ದು ಮಲ್ಲಿಕಾಂಬಳನ್ನು ಚುಚ್ಚಿತು.

ಆ ಸಂಜೆ, ಇನ್ನೂ ಬೆಳಕಿರುವಾಗಲೇ, ಹುಲಿಗೆಮ್ಮ ನಡುಬೀದಿಯಲ್ಲಿ ಕೋಲೂರಿಕೊಂಡು ಮೇಡಂ ಮನೆಗೆ ಬಂದಳು. ಜಗಲಿಯ ಮೇಲಿದ್ದವರು ಎದ್ದು ಒಳಗೆ ಹೋದರು. ಮುದುಕಿಯ ಕೈಯಲ್ಲಿ ಹಾಲಿನ ಚೊಂಬಿತ್ತು.

"ಮೇಕೆ ಹಾಲು. ನಿಮ್ಗೆ ಯಾರೂ ಹಾಕ್ತಿಲ್ವಂತೆ."

ಮಲ್ಲಿಕಾಂಬ ಕೈ ಚಾಚಬೇಕಿತ್ತು. ಕೈ ಮುಂದಕ್ಕೆ ಬರಲಿಲ್ಲ. ಓದಿದವಳು, ಓದಿಸುವವಳು, ಊರಿನ ಮೌಢ್ಯದ ಮೇಲೆ ಅಷ್ಟು ಸಿಟ್ಟಾದವಳು. ಆದರೂ ಚೊಂಬಿನ ಮೇಲೆ ಅವಳ ಕಣ್ಣು ನಿಂತೇ ಬಿಟ್ಟಿತು. ಮುದುಕಿ ಅದನ್ನು ನೋಡಿದಳು. ನಲವತ್ತು ವರ್ಷದಿಂದ ಇಂಥ ಕಣ್ಣನ್ನೇ ನೋಡುತ್ತ ಬಂದವಳಿಗೆ ಗುರುತು ಸಿಗದಿರುತ್ತದೆಯೇ?

"ಬ್ಯಾಡದಿದ್ರೆ ಬಿಡಿ," ಎಂದಳು. "ಒಂದ್ ಮಾತ್ ಕೇಳಾಕೆ ಬಂದೆ. ನಾನು ಹೇಳಿದ್ದನ್ನ ಆ ಮಗ ಓದ್ತೈತಾ?"

"ಇಲ್ಲಮ್ಮ."

"ಹಂಗಾದ್ರೆ ಯಾಕೆ ಕೇಳ್ಸುದ್ರಿ? ನಾನು ಬಾಯಿ ಮುಚ್ಕಂಡು ಬದುಕಿದ್ದೆ. ನೀವೇ ತೆಗ್ಸಿದ್ರಿ. ಈಗ ನೀವೇ ಮುಚ್ಚು ಅಂತೀರಾ. ಅವರು ಹಲ್ಲಾದ್ರೂ ಮುರುದ್ರು, ನೀವು ಹೊಡೀದಂಗೇ ಮುಚ್ಚುಸ್ತೀರಿ."

ನಾಚಿಕೆಯಿಂದ ಮಲ್ಲಿಕಾಂಬಳ ಕಿವಿ ಕಾದವು. ಚೊಂಬನ್ನು ತೆಗೆದುಕೊಂಡು, ಕಾಯಿಸಲೂ ಹೋಗದೆ, ಬಾಗಿಲಲ್ಲೇ ನಿಂತು ಬೀದಿಗೆ ಕಾಣುವಂತೆ ಅಷ್ಟನ್ನೂ ಕುಡಿದಳು. ಎದುರು ಮನೆಯ ಕಿಟಕಿ ಮುಚ್ಚಿಕೊಂಡಿತು. ಹುಲಿಗೆಮ್ಮ ಖಾಲಿ ಚೊಂಬು ಇಸಿದುಕೊಂಡು ಬಂದ ದಾರಿಯಲ್ಲೇ ಹೋದಳು.

ಮಾರನೆಯ ದಿನ ಮಲ್ಲಿಕಾಂಬ ಸುಲೋಚನಳನ್ನು ಕರೆದು ಹೇಳಿದಳು: "ನಿನ್ನೆ ನಾನು ಹೇಳಿದ್ದು ಹೆದರಿ ಹೇಳಿದ್ದು. ಏನು ಓದಬೇಕು ಅನ್ನೋದು ನಿನಗೆ ಬಿಟ್ಟಿದ್ದು. ನಿನಗೆ ಆಗಲ್ಲ ಅಂದ್ರೆ ಹೇಳು, ನಾನೇ ಓದ್ತೀನಿ." ಹುಡುಗಿ, "ನಾನು ಕೇಳೋದು ಇನ್ನೂ ಮುಗಿದಿಲ್ಲ ಮಿಸ್," ಎಂದಳು.

ವಾರ್ಷಿಕೋತ್ಸವಕ್ಕೆ ಊರೆಲ್ಲ ಸೇರಿತ್ತು. ವೇದಿಕೆಯ ಮೇಲೆ ಲಕ್ಕಣ್ಣ, ರೇಷ್ಮೆ ಅಂಚಿನ ಪಂಚೆ. ಎದುರಿಗೆ ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ದ್ಯಾಮಮ್ಮ. ದೂರದಲ್ಲಿ, ಬೇಲಿಯಾಚೆ, ಹುಲಿಗೆಮ್ಮ. ಸುಲೋಚನ ಎದ್ದು ಬಂದು ಯುರೋಪಿನ ಪಾಠವನ್ನು ಗಡಗಡನೆ ಒಪ್ಪಿಸಿದಳು. ಲಕ್ಕಣ್ಣ ಮೀಸೆಯ ಮೇಲೆ ಕೈಯಾಡಿಸಿದ. ಷಡಕ್ಷರಿ ಮೇಷ್ಟರು ಚಪ್ಪಾಳೆಗೆ ಕೈ ಎತ್ತಿದರು. ಹುಡುಗಿ ಮೈಕು ಬಿಡಲಿಲ್ಲ.

"ಇಲ್ಲೂ ಒಂದು ಆಗಿದೆ. ಹುಲಿಗೆಮ್ಮನ ಹಲ್ಲು. ಅನುಭವಿಸಿದವರನ್ನ ಕೇಳ್ದೆ, ಹೇಳಿದ್ರು. ಮಾಡಿದವರನ್ನ ಕೇಳ್ದೆ, ಹೇಳ್ಲಿಲ್ಲ. ನೋಡ್ತಾ ನಿಂತವರು ಇಲ್ಲೇ ಕೂತಿದೀರ. ನಿಮ್ಮನ್ನ ಕೇಳೋದು ಉಳಿದಿತ್ತು. ಈಗ ಕೇಳ್ತಿದೀನಿ. ಯಾರು ನೋಡಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮುದುಕರೆಲ್ಲ ಅವರವರ ಟವೆಲು ಸರಿಮಾಡಿಕೊಂಡರು. "ಇಳಿಯೇ ಕೆಳ್ಗೆ," ಎಂದು ಲಕ್ಕಣ್ಣ ಕುರ್ಚಿಯಿಂದ ಎದ್ದ. ಮಲ್ಲಿಕಾಂಬ ಹೋಗಿ ಹುಡುಗಿಗೂ ಅವನಿಗೂ ನಡುವೆ ನಿಂತಳು.

ಆಗ ಹೆಂಗಸರ ಸಾಲಿನಲ್ಲಿ ದ್ಯಾಮಮ್ಮ ಎದ್ದಳು.

"ನಾನು ನೋಡಿದ್ದೆ ಕಣವ್ವ," ಎಂದಳು. ಅವಳಿಗೆ ಮೈಕು ಇರಲಿಲ್ಲ, ಬೇಕಾಗಲೂ ಇಲ್ಲ. "ಸತ್ತಿದ್ದು ನನ್ ಮಗ. ಅಮ್ಮ ಎದ್ದು, ಸಿಡುಬಲ್ಲಿ ಸತ್ತ. ಹುಲಿಗಿ ಅವನ ಪಕ್ಕ ಅನ್ನ ನೀರು ಬಿಟ್ಟು ಬೇವಿನ ಸೊಪ್ಪು ಬೀಸ್ತಾ ಕೂತಿದ್ಲು. ಅವಳದೇನೂ ಇಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಹೇಳ್ಲಿಲ್ಲ. ಹೊಟ್ಟೆ ಉರೀತಿತ್ತು, ಯಾರ ಮೇಲಾದ್ರೂ ತೀರ್ಲಿ ಅನ್ಸಿತ್ತು. ಗುಂಡ್ಕಲ್ಲು ತತ್ತಾ ಅಂದ್ರು. ನಮ್ಮೊರಳಿಂದು ಎತ್ತಿ ಕೊಟ್ಟೋಳು ನಾನೇ. ಆಮೇಲೆ ತೊಳ್ದು ಒರಳಿಗೇ ಹಾಕ್ದೆ. ಇವತ್ತೂ ಅದ್ರಲ್ಲೇ ಖಾರ ಅರೀತೀನಿ. ನಮ್ಮನೇಲಿ ಉಂಡೋರೆಲ್ಲ ಅದ್ರಲ್ಲಿ ಅರ್ದಿದ್ದೇ ಉಂಡಿರಾದು."

ಸುಲೋಚನಳ ದನಿ ಸಣ್ಣದಾಯಿತು. "ಅಜ್ಜಿ, ನಿನ್ನನ್ನ ಯಾವುದ್ರಲ್ಲಿ ಬರೀಲಿ? ಮಾಡಿದವರಲ್ಲೋ, ನೋಡ್ತಾ ನಿಂತವರಲ್ಲೋ?"

"ನೀನು ಓದಿರೋಳು. ನೀನೇ ಬರ್ಕೊ ಮಗ," ಎಂದು ದ್ಯಾಮಮ್ಮ ಕೂತಳು.

ಊರು ಬದಲಾಯಿತು ಎಂದು ಬರೆಯುವ ಆಸೆ ಯಾರಿಗೂ ಇರುತ್ತದೆ. ಬದಲಾಗಲಿಲ್ಲ. ಬೇಲಿಯಾಚೆ ನಿಂತಿದ್ದ ಹುಲಿಗೆಮ್ಮನ ಹತ್ತಿರ ಯಾರೂ ಹೋಗಲಿಲ್ಲ. ಎಮ್ಮೆಗಳು ಒದೆಯುವುದನ್ನು ಬಿಡಲಿಲ್ಲ. ಮಲ್ಲಿಕಾಂಬ ಕೊನೆಯವರೆಗೂ ಮೇಕೆ ಹಾಲಿನ ಕಾಫಿ ಕುಡಿದಳು. ಬೇಸಿಗೆ ರಜೆಗೆ ಮೊದಲೇ ಕಡೂರು ತಾಲ್ಲೂಕಿನ ದೇವನೂರಿಗೆ ವರ್ಗದ ಆರ್ಡರು ಬಂತು. ಅಲ್ಲಿಯೂ ಅವಳು ಮೊದಲ ದಿನವೇ ಬೋರ್ಡಿನ ಮೇಲೆ ಅದೇ ಮೂರು ಸಾಲು ಬರೆದಳು. ನಾಲ್ಕನೆಯದೊಂದನ್ನು ಸೇರಿಸಿದ್ದಳು: ಕೇಳಿ ಸುಮ್ಮನಾದವರು. ಯಾರು ಮಿಸ್ ಅವರು ಎಂದು ಮಕ್ಕಳು ಕೇಳಿದರೆ, "ನಾನು," ಎಂದು ಹೇಳಿ ಬೇವಿನಕೆರೆಯ ಕಥೆ ಶುರು ಮಾಡುತ್ತಿದ್ದಳು.

ಬೇವಿನಕೆರೆ ಬಿಡುವ ದಿನ ಟ್ರಂಕು ಹೊರಲು ಒಂದು ಗಂಡಾಳೂ ಸಿಗಲಿಲ್ಲ. ಸುಲೋಚನ ಒಬ್ಬಳೇ ಬಂದು ಒಂದು ಕಡೆ ಹಿಡಿದುಕೊಂಡು ಶಿವನಿ ಸ್ಟೇಷನ್ನಿನವರೆಗೂ ನಡೆದಳು. ರೈಲು ತಡವಾಗಿತ್ತು. ಇಬ್ಬರೂ ಟ್ರಂಕಿನ ಮೇಲೆ ಕೂತರು.

"ಮನೇಲಿ ಹೇಗಿದೆ?" ಎಂದು ಮಲ್ಲಿಕಾಂಬ ಕೇಳಿದಳು.

"ತಾತ ತರೀಕೆರೆಯಿಂದ ಹೊಸ ಒರಳು ತರಿಸಿದಾರೆ ಮಿಸ್, ಗುಂಡುಕಲ್ಲೂ ಹೊಸದು. ಅಜ್ಜಿ ಮುಟ್ಟಲ್ಲ. ಹಳೇದರಲ್ಲೇ ಅರೀತಾಳೆ. ತಾತ ಊಟಕ್ಕೆ ಕೂತ್ರೆ ಬಡಿಸಿ ಎದುರಿಗೇ ಕೂತ್ಕೊತಾಳೆ. ಏನೂ ಮಾತಾಡಲ್ಲ, ನೋಡ್ತಾ ಇರ್ತಾಳೆ."

"ತಾತ ಊಟ ಮಾಡ್ತಾರಾ?"

"ಮಾಡ್ತಾರೆ ಮಿಸ್," ಎಂದಳು ಸುಲೋಚನ. "ತಟ್ಟೆ ಖಾಲಿಯಾಗೋವರೆಗೂ ಅಜ್ಜಿ ಏಳಲ್ಲ."