ಹಂಡೆಗೆ ತುಂಬಿದ ಕಡಲು

ಚಿತ್ರದುರ್ಗ ಸೀಮೆಯ ಐಮಂಗಲದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ ಬಂದರೆ ನಮ್ಮ ಓಣಿ. ಓಣಿಯ ಕೊನೆಯ ಮನೆ ಲಾರಿ ಡ್ರೈವರ್ ಎತ್ತಪ್ಪಣ್ಣನದು. ಆ ಮನೆಯ ಪಡಸಾಲೆಯಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಒಂದು ಸಿಮೆಂಟಿನ ಕಟ್ಟೆ ಇದೆ. ಹೊಸಬರು ಅದನ್ನು ಟೀವಿ ಇಡುವ ಕಟ್ಟೆ ಅಂದುಕೊಳ್ಳುತ್ತಾರೆ. ಅದನ್ನು ಕಟ್ಟಿದ್ದು ಸಮುದ್ರದ ಮೀನಿಗಾಗಿ. ಘಟ್ಟದ ಆಚೆ ಇರುವ ಸಮುದ್ರಕ್ಕೂ ನೀರಿಗೆ ಕೊಡ ಹಿಡಿದು ನಿಲ್ಲುವ ನಮ್ಮ ಊರಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಆ ಸಂಬಂಧ ಆ ಮನೆಗೆ ಒಂದು ಸಾವಿನಿಂದ ಬಂತು. ನಾನು ಕಂಡಷ್ಟನ್ನು ಮತ್ತು ಎತ್ತಪ್ಪಣ್ಣ, ಅವನ ಹೆಂಡತಿ ಚಂದ್ರಕ್ಕ ಹೇಳಿದಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊಸದುರ್ಗ, ಹೊಳಲ್ಕೆರೆ ಕಡೆಯ ಗಣಿಗಳಿಂದ ಮಂಗಳೂರು ಬಂದರಿಗೆ ಅದಿರು ಹೋಗುವುದು ಹೆಚ್ಚಾಯಿತು. ಎತ್ತಪ್ಪಣ್ಣ ಆ ಲಾರಿಗಳಲ್ಲಿ ಒಂದನ್ನು ಓಡಿಸುತ್ತಿದ್ದ. ತಮ್ಮ ಲಕ್ಷ್ಮೀಕಾಂತನನ್ನು ಕ್ಲೀನರ್ ಆಗಿ ಕರೆದುಕೊಂಡು ಹೋಗುತ್ತಿದ್ದ. ಅದಿರಿನ ಧೂಳು ಬೇರೆ ಧೂಳಿನಂತಲ್ಲ. ಕಿವಿ, ಮೂಗು, ಕಣ್ಣಿನ ರೆಪ್ಪೆ ಎಲ್ಲ ಕೆಂಪಾಗುತ್ತದೆ, ಬಟ್ಟೆ ಒಗೆದರೂ ಬಿಡುವುದಿಲ್ಲ. ಒಂದು ಮಧ್ಯಾಹ್ನ ಲೋಡ್ ಇಳಿಸಿದ ಮೇಲೆ ಎತ್ತಪ್ಪಣ್ಣ ತಮ್ಮನಿಗೆ, "ಎಷ್ಟು ಕೆಂಪಾಗಿದ್ದೀಯ ನೋಡು, ಹೋಗಿ ಸಮುದ್ರದಾಗೆ ಮೈ ತೊಳ್ಕಂಡು ಬಾ ಹೋಗಲೇ" ಎಂದ. ತಾನು ಲಾರಿಯ ನೆರಳಲ್ಲಿ ಅಕ್ಕಿ ಬೇಯಿಸಲು ಕುಳಿತ. ಲಕ್ಷ್ಮೀಕಾಂತ ಊರಿನ ದೊಡ್ಡ ಬಾವಿಗೆ ಮೇಲಿನ ಕಲ್ಲಿಂದ ಹಾರಿ ತಳದ ಮಣ್ಣು ತರುತ್ತಿದ್ದವನು. ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ. ಸಮುದ್ರ ದಡಕ್ಕೆ ಬಂದು ಹಿಂದಕ್ಕೆ ಹೋಗುವಾಗ ಕಾಲಿನ ಕೆಳಗಿಂದ ಮರಳನ್ನೂ ಎಳೆಯುತ್ತದೆ ಎಂಬುದು ಅಣ್ಣ ತಮ್ಮ ಇಬ್ಬರಿಗೂ ತಿಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಮೀನುಗಾರರಿಗೆ ದೇಹ ಸಿಕ್ಕಿತು.

ತಾಯಿ ಕೆಂಚಕ್ಕನಿಗೆ ಮಗನ ಮುಖ ತೋರಿಸಲಿಲ್ಲ. ತೋರಿಸುವ ಹಾಗಿರಲಿಲ್ಲ. ಅವಳು ಒಂದೇ ಮಾತು ಕೇಳಿದಳು: "ನೀರಿಗೆ ಹೋಗು ಅಂತ ಅಂದೋರು ಯಾರು?" ಎತ್ತಪ್ಪಣ್ಣ ಸುಳ್ಳು ಹೇಳಲಿಲ್ಲ. "ನಾನೇ ಕಣವ್ವ" ಎಂದ. ಅಂದಿನಿಂದ ಕೆಂಚಕ್ಕ ಹಿರಿಯ ಮಗನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟಳೆಂದರೆ ಜಗಳವಾಡಿಕೊಂಡು ಬೇರೆ ಹೋದಳು ಎಂದಲ್ಲ. ಅವನ ಮನೆಯಲ್ಲೇ ಇದ್ದಳು, ಅವನು ದುಡಿದ ಅನ್ನವನ್ನೇ ಉಣ್ಣುತ್ತಿದ್ದಳು. ಅವನಿಗೆ ಹೇಳುವುದನ್ನೆಲ್ಲ ಸೊಸೆಗೆ ಹೇಳುತ್ತಿದ್ದಳು. ಮೂವರೂ ಒಂದೇ ಕೋಣೆಯಲ್ಲಿ ಇರುವಾಗಲೂ ಹಾಗೇ.

"ಅವನಿಗೆ ಹೇಳವ್ವ, ಊಟ ಆರ್ತೈತೆ ಅಂತ."

ಚಂದ್ರಕ್ಕ ಗಂಡನ ಕಡೆ ತಿರುಗಿ, "ಕೇಳಿಸ್ತಾ? ಊಟ ಆರ್ತೈತಂತೆ" ಎನ್ನುವಳು. ಒಂದೊಂದು ದಿನ ಅವಳಿಗೂ ಸಾಕಾಗುತ್ತಿತ್ತು. "ನಾನೇನು ಟೆಲಿಫೋನ್ ಬೂತಾ? ಇಬ್ರೂ ನನ್ನ ಮ್ಯಾಲೆ ಹಾದು ಮಾತಾಡ್ತೀರಲ್ಲ!" ಎಂದು ರೇಗುವಳು. ಅತ್ತೆ ನಗುತ್ತಿರಲಿಲ್ಲ, ಮಗನೂ ನಗುತ್ತಿರಲಿಲ್ಲ.

ಎತ್ತಪ್ಪಣ್ಣ ಕೆಲವು ಕಾಲ ಪುಣೆ ಕಡೆಯ ಲೋಡ್ ಮಾತ್ರ ಹಿಡಿದ. ಆಮೇಲೆ ಆ ಕೆಲಸ ಕಡಿಮೆಯಾಗಿ ಮತ್ತೆ ಮಂಗಳೂರು ದಾರಿಗೆ ಬಂದ. ಅದು ತಿಳಿದ ದಿನ ಕೆಂಚಕ್ಕ ಗೋಡೆಗೆ ಒರಗಿ ಕುಳಿತು ಸೊಸೆಗೆ ಹೇಳಿದಳು: "ಮಗನ್ನ ನುಂಗಿದ ನೀರು ಹೆಂಗೈತೆ ಅಂತ ನಾನು ಕಣ್ಣಿಂದ ನೋಡ್ಲೇ ಇಲ್ಲ ನೋಡವ್ವ."

"ಒಂದು ಸಲ ಹೋಗಿ ಬರಾಣ ಬರ್ರಿ ಅತ್ತೆ."

"ಮಣಕಾಲು ಬಿಡಲ್ಲ. ಮನಸ್ಸೂ ಬಿಡಲ್ಲ."

ಈ ಮಾತು ಎತ್ತಪ್ಪಣ್ಣನ ಎದೆಯಲ್ಲಿ ಉಳಿಯಿತು. ಮಂಗಳೂರಿನ ಒಂದು ಹೋಟೆಲಿನಲ್ಲಿ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ಇಟ್ಟಿರುವುದನ್ನು ಅವನು ನೋಡಿದ್ದ. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿ ಇದ್ದ ಸಣ್ಣ ಮೀನುಗಳು. ಅವು ಇದ್ದ ನೀರು ಯಾರನ್ನೂ ಎಳೆಯುತ್ತಿರಲಿಲ್ಲ. ಅವ್ವ ನೋಡಬೇಕಾದರೆ ಇಂಥ ಸಮುದ್ರವನ್ನು ನೋಡಲಿ, ನೋಡಿದ ಮೇಲೆ ತನಗೆ ಬೈಯುವುದಕ್ಕಾದರೂ ಬಾಯಿ ಬಿಡಲಿ ಎಂದು ಅವನ ಆಸೆ.

ಚಿತ್ರದುರ್ಗದಲ್ಲಿ ಕೊಟ್ರೇಶ್ ಎಂಬುವರು ಮೀನು ಮತ್ತು ತೊಟ್ಟಿ ಮಾರುವ ಅಂಗಡಿ ಇಟ್ಟಿದ್ದರು. ಎತ್ತಪ್ಪಣ್ಣ ಅಲ್ಲಿಗೆ ಹೋಗಿ ಕೇಳಿದಾಗ ಅವರು ಮೊದಲು ಒಪ್ಪಲಿಲ್ಲ.

"ಎತ್ತಪ್ಪಣ್ಣ, ಸಿಹಿನೀರಿನ ಮೀನು ತಗಂಡೋಗು. ಸಮುದ್ರದ್ದು ನಮ್ಮ ಸೀಮೇಲಿ ಯಾರೂ ಸಾಕಿಲ್ಲ. ನಾನೂ ಬೆಂಗಳೂರಾಗೆ ನೋಡಿದ್ದಷ್ಟೇ."

"ನೋಡಿದ್ದಷ್ಟನ್ನ ಹೇಳ್ರಿ. ಉಳಿದಿದ್ದು ನೋಡ್ಕಳ್ಳಾಣ."

ಕೊಟ್ರೇಶ್ ಬೆಂಗಳೂರಿನ ವ್ಯಾಪಾರಿಗೆ ಫೋನ್ ಮಾಡಿ ಕೇಳಿ ಕೇಳಿ ಹೇಳಿದರು. ತೊಟ್ಟಿಗೆ ಬಿಸಿಲು ಬೀಳಬಾರದು. ಗಾಜಿನ ಅಡಿಗೆ ಅಲುಗದ ಕಟ್ಟೆ ಬೇಕು. ಬಂದರಿನ ಹತ್ತಿರದ ನೀರಲ್ಲಿ ಎಣ್ಣೆ ಇರುತ್ತದೆ, ದೂರ ಹೋಗಿ ತುಂಬಿಕೊಳ್ಳಬೇಕು. ತೊಟ್ಟಿಗೆ, ಕ್ಯಾನಿಗೆ, ಕೈಗೆ ಯಾವುದಕ್ಕೂ ಸೋಪು ಸೋಕಿರಬಾರದು. ನೀರು, ಮರಳು, ಕಲ್ಲು ಹಾಕಿದ ಕೂಡಲೇ ಮೀನು ಬಿಡುವ ಹಾಗಿಲ್ಲ.

"ಹಾಲಿಗೆ ಹೆಪ್ಪು ಹಾಕಿ ತಕ್ಷಣ ಮೊಸರು ಕೇಳ್ತಾರಾ? ಹಂಗೇ ಇದು. ಕಣ್ಣಿಗೆ ಕಾಣದ ಜೀವ ಆ ಕಲ್ಲು ಮರಳಿನಾಗೆ ಬೆಳೀಬೇಕು. ಮೀನಿನ ಹೊಲಸನ್ನ ತಿನ್ನೋದು ಅದು. ತಿಂಗಳು ಮ್ಯಾಲೇ ಆಗ್ತೈತೆ. ಅವಸರ ಮಾಡಿದ್ಯೋ, ಮೀನು ಸತ್ತಂಗೇ."

ಎತ್ತಪ್ಪಣ್ಣ ಅವಸರ ಮಾಡಲಿಲ್ಲ. ಕಟ್ಟೆ ಕಟ್ಟಿ ಅದು ಪೂರ್ತಿ ಒಣಗುವ ತನಕ ಕಾದ. ತೊಟ್ಟಿಯನ್ನು ಮೊದಲು ಅಂಗಳದಲ್ಲಿಟ್ಟು ಬರಿ ನೀರು ತುಂಬಿ, ಎಲ್ಲಿಯಾದರೂ ಒಸರುತ್ತದೆಯೇ ಎಂದು ಬೆರಳಿಂದ ಅಂಚು ಸವರಿ ಸವರಿ ನೋಡಿದ. ಕರೆಂಟ್ ಹೋದಾಗ ಗಾಳಿಯ ಪಂಪ್ ನಿಲ್ಲಬಾರದೆಂದು ಲಾರಿಯ ಹಳೆಯ ಬ್ಯಾಟರಿಯನ್ನು ಕಟ್ಟೆಯ ಕೆಳಗೆ ಇಟ್ಟ. ನಮ್ಮಲ್ಲಿ ಕರೆಂಟ್ ಇರುವುದಕ್ಕಿಂತ ಹೋಗುವುದೇ ಹೆಚ್ಚಾಗಿದ್ದ ಕಾಲ ಅದು. ಮಂಗಳೂರಿಂದ ಖಾಲಿ ಬರುವಾಗ ಕುಡಿಯುವ ನೀರಿನ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಸಮುದ್ರದ ನೀರು ತುಂಬಿ, ಘಟ್ಟದ ತಿರುವಿನಲ್ಲಿ ಉರುಳದಂತೆ ಹಗ್ಗ ಬಿಗಿದು ತಂದು, ಮರಳು ಕಲ್ಲಿನ ಜೊತೆ ತೊಟ್ಟಿಗೆ ತುಂಬಿದ.

ಓಣಿಯವರು ಸುಮ್ಮನಿರಲಿಲ್ಲ. ಎದುರು ಮನೆಯ ಓಬಳೇಶಪ್ಪ ತನ್ನ ಜಗಲಿಯ ಮೇಲೆ ಕುಳಿತು ಕೂಗಿದ: "ಲೇ ಎತ್ತಪ್ಪ, ಉಪ್ಪುನೀರಿಗೆ ಮಂಗಳೂರಿಗೆ ಯಾಕೋ ಹೋದೆ? ನಮ್ಮ ಬೋರಿನಾಗೆ ಬರೋದು ಅದೇ ಅಲ್ವೇನೋ! ಬ್ಯಾಳೆ ಬೇಯಲ್ಲ, ಸೋಪು ನೊರೆ ಬರಲ್ಲ."

"ನಿಮ್ಮ ಬೋರಿನ ನೀರಾಗೆ ಮೀನು ಬಿಟ್ರೆ ಕಲ್ಲಾಗಿಬಿಡ್ತವೆ ಓಬಳೇಶಪ್ಪಣ್ಣ" ಎಂದು ಚಂದ್ರಕ್ಕ ಒಳಗಿಂದಲೇ ಹೇಳಿದಳು.

ಕೆಂಚಕ್ಕ ಮೊದಮೊದಲು ತೊಟ್ಟಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಬೇಸಿಗೆಯಲ್ಲಿ ತೊಟ್ಟಿಯ ನೀರು ಬೇಗ ಇಳಿಯತೊಡಗಿತು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ಇಳಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು ಎಂದು ಕೊಟ್ರೇಶ್ ಹೇಳಿದ್ದರು. ಎತ್ತಪ್ಪಣ್ಣ ರಸ್ತೆಯ ಮೇಲೆ, ಚಂದ್ರಕ್ಕ ಕೂಲಿಗೆ. ಮನೆಯಲ್ಲಿ ಉಳಿಯುವವಳು ಕೆಂಚಕ್ಕ ಒಬ್ಬಳೇ. ನೀರು ಎಲ್ಲಿಯ ತನಕ ಇರಬೇಕೆಂದು ಎತ್ತಪ್ಪಣ್ಣ ಗಾಜಿಗೆ ಬಳಿದಿದ್ದ ಬಣ್ಣದ ಗೆರೆಗಿಂತ ನೀರು ಕೆಳಗೆ ಹೋದದ್ದನ್ನು ನೋಡಿ ಒಂದು ದಿನ ಅವಳೇ ಎದ್ದು, ತೊಟ್ಟಿಗೆಂದೇ ಹಿಡಿದಿಟ್ಟಿದ್ದ ಮಳೆನೀರಿನ ಬಕೀಟಿನಿಂದ ಲೋಟದಲ್ಲಿ ತುಂಬಿ ಹಾಕಿದಳು. ಆಮೇಲೆ ಅದು ಅವಳ ಕೆಲಸವಾಯಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಬಿಟ್ಟುಬಿಡುತ್ತಾಳೆಂದು ಎತ್ತಪ್ಪಣ್ಣನಿಗೆ ಭಯ.

ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿಂದ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಿತ್ತಳೆ ಮೀನು, ಕೆಂಪು ಬಿಳಿ ಗೆರೆಯ ಒಂದು ಸಿಗಡಿ, ಕೆಲವು ಬಸವನಹುಳು ಬಂದವು. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ, ಮೀನುಗಳನ್ನು ಬಿಟ್ಟರು. ಕೆಂಚಕ್ಕ ಗಾಜಿನ ಹತ್ತಿರ ಮುಖ ತಂದು ತುಂಬಾ ಹೊತ್ತು ನೋಡಿದಳು. ಸಿಗಡಿ ತನ್ನ ಉದ್ದ ಮೀಸೆಯನ್ನು ಅವಳ ಕಡೆ ಆಡಿಸಿತು.

"ಆ ನೀರಾಗೂ ಇಂಥವು ಇರ್ತವಾ?" ಎಂದಳು. ಸೊಸೆಗೂ ಅಲ್ಲ, ಮಗನಿಗೂ ಅಲ್ಲ. ಆದರೂ ಎತ್ತಪ್ಪಣ್ಣ "ಇರ್ತವೆ ಕಣವ್ವ" ಎಂದ. ಅವಳು ಗಾಜಿನಿಂದ ಮುಖ ತೆಗೆಯಲಿಲ್ಲ.

ದೀಪಾವಳಿ ಬಂತು. ಹಬ್ಬದ ಮೊದಲ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಲಕ್ಷ್ಮೀಕಾಂತ ಹೋದ ಮೇಲೆ ಕೆಂಚಕ್ಕ ಆ ಹಬ್ಬ ಮಾಡಿರಲಿಲ್ಲ. ತವರಿನಿಂದ ತಂದಿದ್ದ ತಾಮ್ರದ ಹಂಡೆ ಅಟ್ಟದಲ್ಲಿ ಬೋರಲು ಬಿದ್ದಿತ್ತು.

ಅಂದು ಎತ್ತಪ್ಪಣ್ಣ ಮಂಗಳೂರಿಂದ ಬಂದು, ತೊಟ್ಟಿಯ ನೀರು ಬದಲಿಸಲು ತಂದಿದ್ದ ಕ್ಯಾನುಗಳನ್ನು ಬಾಗಿಲ ಹೊರಗೆ ಇಳಿಸಿ, ಲಾರಿ ತೊಳೆಯಲು ಹೋದ. ಕ್ಯಾನುಗಳು ಇದ್ದದ್ದು ಚಪ್ಪಲಿ ಬಿಡುವ ಜಾಗದಲ್ಲಿ. ಕೆಂಚಕ್ಕ ಅದನ್ನು ಕಂಡು ನಿಂತಳು. ಆಮೇಲೆ ಸೊಸೆಯಿಂದ ಅಟ್ಟದ ಹಂಡೆ ಇಳಿಸಿಕೊಂಡಳು. ಸೋಪು ಸೋಕಬಾರದೆಂಬುದು ಅವಳಿಗೆ ನೆನಪಿತ್ತು. ಹುಣಸೆಹಣ್ಣಿನಿಂದ ಮಾತ್ರ, ಹಂಡೆಯ ಹೊಟ್ಟೆಯೊಳಗೆ ಕೈ ಇಳಿಸಿ, ತಾಮ್ರ ಹೊಸದರಂತೆ ಹೊಳೆಯುವ ತನಕ ತಿಕ್ಕಿದಳು. ಕ್ಯಾನುಗಳ ನೀರನ್ನು ಅದಕ್ಕೆ ಸುರಿಸಿದಳು. ಹಾಗಲಬಳ್ಳಿ ಸುತ್ತಿ ಕುಂಕುಮ ಇಟ್ಟಳು.

"ಅತ್ತೆ, ಇದು ಸಮುದ್ರದ್ದಲ್ವಾ?" ಎಂದಳು ಚಂದ್ರಕ್ಕ.

"ಅದಕ್ಕೇ ಕಣವ್ವ. ನನ್ನ ಮಗ ಕೊನೇಗೆ ಮುಟ್ಟಿದ ನೀರು. ಕೆರ ಬಿಡೋ ಜಾಗದಾಗೆ ಇಡ್ತಾರೇನು?"

ಎತ್ತಪ್ಪಣ್ಣ ತಿರುಗಿ ಬಂದಾಗ ಹಂಡೆಯ ಮುಂದೆ ದೀಪ ಉರಿಯುತ್ತಿತ್ತು. ಅವನು ಅಲ್ಲೇ ಹೊಸ್ತಿಲಲ್ಲಿ ಕುಳಿತುಬಿಟ್ಟ. ಮರುದಿನ ಎಣ್ಣೆಸ್ನಾನಕ್ಕೆ ಬೇರೆ ಪಾತ್ರೆಯಲ್ಲಿ ನೀರು ಕಾಯಿಸಿದರು. ಮಧ್ಯಾಹ್ನ ಅವನು ಪೈಪು ಹಿಡಿದು ತೊಟ್ಟಿಯ ಹಳೆಯ ನೀರನ್ನು ಅರ್ಧದಷ್ಟು ಇಳಿಸಿದ. ಕೆಂಚಕ್ಕ ಹಂಡೆಯಿಂದ ಚೊಂಬಿನಲ್ಲಿ ತುಂಬಿ ಹೊಸ ನೀರು ಹಾಕಿದಳು. ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಆ ಸಾವಿನ ನಂತರ ಅದೇ ಮೊದಲು.

ಸಂಜೆಗೆ ಬಸವನಹುಳುಗಳು ಗಾಜು ಬಿಟ್ಟು ಮರಳಿಗೆ ಬಿದ್ದವು. ಸಿಗಡಿ ಒಂದು ಮಗ್ಗುಲಾಗಿ ಮಲಗಿ ಮೀಸೆ ಆಡಿಸುವುದನ್ನು ನಿಲ್ಲಿಸಿತು. ಬೆಳಗಾಗುವಾಗ ಒಂದು ಮೀನು ಸತ್ತಿತ್ತು. ಇನ್ನೊಂದು ನೀರಿನ ಮೇಲುಗಡೆ ಬಾಯಿ ತೆರೆದು ತೇಕುತ್ತಿತ್ತು. ಎತ್ತಪ್ಪಣ್ಣನಿಗೆ ತೋಚಿದ್ದು ಒಂದೇ. ಹಿಂದಿನ ದಿನ ಇಳಿಸಿದ್ದ ಹಳೆಯ ನೀರು ಪ್ಲಾಸ್ಟಿಕ್ ಬಕೀಟಿನಲ್ಲಿ ಇನ್ನೂ ಇತ್ತು. ಆ ಮೀನನ್ನು ಅದಕ್ಕೆ ಹಾಕಿ ಗಾಳಿಯ ಪೈಪು ಬಿಟ್ಟು, ಸತ್ತ ಸಿಗಡಿಯನ್ನು ಡಬ್ಬಿಯಲ್ಲಿ ತೆಗೆದುಕೊಂಡು ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಹೋದ.

ಕೆಂಚಕ್ಕ ಸೆರಗಿನಲ್ಲಿ ಎರಡೂ ಕೈ ಸುತ್ತಿಕೊಂಡು ಕುಳಿತಿದ್ದಳು. "ನನ್ನ ಕೈಗುಣವೇ ಇಷ್ಟು. ಆ ನೀರಿಗೂ ನಮ್ಮ ಮನೆಗೂ ಆಗಿಬರಲ್ಲ" ಎಂದಳಂತೆ. ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ.

ಕೊಟ್ರೇಶ್ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ನೀರು ಯಾವ ಪಾತ್ರೆಯಲ್ಲಿ ಇಟ್ಟಿದ್ದಿರಿ ಎಂದರು. ತಾಮ್ರದ ಹಂಡೆ ಎಂದೊಡನೆ ಹಣೆ ಹಿಡಿದುಕೊಂಡರು.

"ನಮಗೆ ತಾಮ್ರ ಒಳ್ಳೇದು ಎತ್ತಪ್ಪಣ್ಣ. ಸಿಗಡಿಗೆ, ಹುಳಕ್ಕೆ ಅದು ವಿಷ. ಉಪ್ಪುನೀರು ತಾಮ್ರಾನ ಕರಗಿಸ್ತೈತೆ. ಅದೂ ತಿಕ್ಕಿ ಬೆಳಗಿದ ಹಂಡೆ. ಹಂಡೆ ಮಾತು ನನಗೂ ಹೊಳೀಲಿಲ್ಲ ನೋಡು." ಆಮೇಲೆ ಹೇಳಿದರು: "ಅಮ್ಮಂಗೆ ಹೇಳ್ಬ್ಯಾಡಪ್ಪ. ಕರೆಂಟ್ ಹೋಗಿತ್ತು, ಗಾಳಿ ನಿಂತ್ಹೋತು ಅನ್ನು. ವಯಸ್ಸಾದ ಜೀವ."

ಎತ್ತಪ್ಪಣ್ಣ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದ. ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಅವ್ವ ಅದನ್ನು ನಂಬುವುದಿಲ್ಲ, ಸಮುದ್ರ ಎರಡನೇ ಸಲ ಮನೆಗೆ ಬಂದು ಕಿತ್ತುಕೊಂಡಿತೆಂದೇ ಸಾಯುವ ತನಕ ತಿಳಿಯುತ್ತಾಳೆ ಅನ್ನಿಸಿತು. ನಿಜ ಹೇಳಿದರೆ ಈಗ ಉಳಿದಿರುವ ಇಷ್ಟೂ ಹೋಗಬಹುದು.

ಮನೆಗೆ ಬಂದು ತಾಯಿಯ ಎದುರು ನೆಲದ ಮೇಲೆ ಕುಳಿತ. ಚಂದ್ರಕ್ಕನ ಕಡೆ ತಿರುಗದೆ ನೇರ ತಾಯಿಗೇ ಹೇಳಿದ.

"ಅವ್ವ, ಕೈಗುಣ ಅಲ್ಲ, ಸಮುದ್ರಾನೂ ಅಲ್ಲ. ಹಂಡೆ ತಾಮ್ರದ್ದು. ಉಪ್ಪುನೀರಿಗೆ ತಾಮ್ರ ಬಿಟ್ಕಂಡೈತೆ. ಅದು ಅವಕ್ಕೆ ವಿಷ ಆಯ್ತು."

ಕೆಂಚಕ್ಕ ಹಂಡೆಯ ಕಡೆ ನೋಡಿದಳು. ಹಾಗಲಬಳ್ಳಿ ಆಗಲೇ ಬಾಡಿತ್ತು.

"ನಾನು ಅಷ್ಟು ತಿಕ್ಕಿ ತೊಳೆದಿದ್ದೆನಲ್ಲ" ಎಂದಳು.

"ತಿಕ್ಕಿದ್ದಕ್ಕೇ ಇನ್ನೂ ಜಾಸ್ತಿ ಆಯ್ತಂತೆ ಕಣವ್ವ. ನಿಂಗೆ ಗೊತ್ತಿರ್ಲಿಲ್ಲ. ನಮಗ್ಯಾರಿಗೂ ಗೊತ್ತಿರ್ಲಿಲ್ಲ."

ಅವಳು ಸೆರಗಿನಿಂದ ಕೈ ಹೊರಗೆ ತೆಗೆದು ಮಡಿಲಲ್ಲಿಟ್ಟು ನೋಡಿಕೊಂಡಳು. ಹುಣಸೆಹಣ್ಣು ತಿಕ್ಕಿ ಬೆರಳುಗಳು ಇನ್ನೂ ಕಪ್ಪಾಗಿದ್ದವು. ಬಕೀಟಿನಲ್ಲಿ ಗಾಳಿಯ ಗುಳ್ಳೆ ಏಳುವ ಸದ್ದು ಮಾತ್ರ ಕೇಳುತ್ತಿತ್ತು ಎಂದು ಚಂದ್ರಕ್ಕ ಹೇಳುತ್ತಾಳೆ.

"ಅವತ್ತು ಅವನಿಗೆ ಮೈ ತೊಳ್ಕಂಡು ಬಾ ಅಂದ್ಯಲ್ಲ" ಎಂದಳು ಕೆಂಚಕ್ಕ. "ಧೂಳು ಹೋಗ್ಲಿ ಅಂತ ಅಂದಿದ್ದು ನೀನು."

"ಹೂಂ ಅವ್ವ."

"ಆ ನೀರು ಎಳಿತೈತೆ ಅಂತ ನಿಂಗೂ ಗೊತ್ತಿರ್ಲಿಲ್ಲ ಅಲ್ವೇನೋ."

ಎತ್ತಪ್ಪಣ್ಣ ಗೊತ್ತಿರಲಿಲ್ಲವೆಂದು ತಲೆ ಆಡಿಸಿದ.

ಕೆಂಚಕ್ಕ ಗೋಡೆ ಹಿಡಿದು ಎದ್ದಳು. ಬಕೀಟಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಮೀನು ತೇಕುವುದನ್ನು ಬಿಟ್ಟು ತಳದಲ್ಲಿ ಮೆಲ್ಲಗೆ ಸುತ್ತುತ್ತಿತ್ತು.

"ಇದು ಉಳಿತೈತೇನೋ ಎತ್ತಪ್ಪ?"

"ಉಳಿಬೌದು ಕಣವ್ವ. ತೊಟ್ಟೀನೆಲ್ಲ ಖಾಲಿ ಮಾಡಿ, ಹೊಸ ಮರಳು ಹಾಕಿ, ಮತ್ತೆ ಮೊದಲಿಂದ ಶುರು ಮಾಡ್ಬೇಕು. ನೀರು ತರ್ಬೇಕು."

"ತಗಂಬಾ. ಕ್ಯಾನಾಗೇ ಇರ್ಲಿ. ಆದ್ರೆ ಒಳಗಿಡು, ಬಾಗ್ಲಾಗೆ ಬ್ಯಾಡ." ಆಮೇಲೆ ಅಡುಗೆಮನೆ ಕಡೆ ಹೊರಟವಳು ತಿರುಗಿ ಹೇಳಿದಳು: "ಏಳು, ಊಟ ಆರ್ತೈತೆ."

ಚಂದ್ರಕ್ಕ ಬಾಗಿಲ ಮರೆಗೆ ಹೋಗಿ ಅತ್ತಳಂತೆ.

ಆ ಮೀನು ಉಳಿಯಿತು. ತೊಟ್ಟಿ ಹದಕ್ಕೆ ಬರುವ ತನಕ ಅದನ್ನು ನೀರು ಬದಲಿಸುತ್ತ ಬಕೀಟಿನಲ್ಲೇ ಇಟ್ಟುಕೊಂಡರು. ಹೊಸದಾಗಿ ತುಂಬಿದ ತೊಟ್ಟಿಯಲ್ಲಿ ಅದು ವರ್ಷಗಟ್ಟಲೆ ಒಂಟಿಯಾಗಿಯೇ ಬದುಕಿತು. ಜೊತೆಗೆ ಇನ್ನೊಂದು ತರೋಣವೆಂದರೆ ಕೆಂಚಕ್ಕ ಬೇಡ ಎನ್ನುತ್ತಿದ್ದಳು. ಗೆರೆಯ ತನಕ ಸಿಹಿನೀರು ತುಂಬುವುದನ್ನು ಅವಳು ಕೊನೆಯವರೆಗೂ ಬೇರೆಯವರ ಕೈಗೆ ಬಿಡಲಿಲ್ಲ. ಸಮುದ್ರ ನೋಡಲು ಮಾತ್ರ ಅವಳು ಹೋಗಲೇ ಇಲ್ಲ. ಈಗ ಅವಳಿಲ್ಲ, ಮೀನೂ ಇಲ್ಲ. ಕಟ್ಟೆ ಖಾಲಿ ಇದೆ. ಎತ್ತಪ್ಪಣ್ಣ ಅದರ ಮೇಲೆ ಏನನ್ನೂ ಇಡುವುದಿಲ್ಲ. ನೀರು ತುಂಬುವ ಹಬ್ಬದ ಸಂಜೆ ಆ ಹಂಡೆಯನ್ನು ಅವನೇ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುತ್ತಾನೆ, ಅದಕ್ಕೆ ಊರಿನ ಬೋರಿನ ನೀರನ್ನೇ ತುಂಬುತ್ತಾನೆ.