ಮೆಲ್ಲಗೆ ಶುರುವಾಗುವ ಕ್ಯಾಸೆಟ್

ನಮ್ಮ ದಾವಣಗೆರೆಯ ಹಾಡಿನ ತಂಡದ ಗಿಟಾರಿನವರು ಪ್ರತಿ ಹಾಡು ಮುಗಿದ ಮೇಲೂ ಮುಂದಿನ ಸಾಲಿನವರ ಕಡೆ ಬಗ್ಗಿ, "ಜೋರಾತೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲವೆಂದರೂ ನಂಬದೆ ಗುಂಡಿ ತಿರುಗಿಸಿ ದನಿ ತಗ್ಗಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ನಮ್ಮನ್ನು ಮದುವೆಗಳಿಗೆ ಕರೆಯುವವರು ಕಡಿಮೆಯಾದಾಗ, ನಮ್ಮ ಗದ್ದಲವೇ ಕಾರಣವೆಂಬ ಭಯ ಅವರನ್ನು ಹಿಡಿಯಿತು. ಎಂ.ಸಿ.ಸಿ. ಬಡಾವಣೆಯ ತಮ್ಮ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಡ್ರಮ್ಮಿನ ಮೇಲೆ ಟವೆಲ್ ಹಾಸಿ, ಮೆಲುದನಿಯ ಎಂಟು ಹಾಡುಗಳ ಕ್ಯಾಸೆಟ್ ಮಾಡಿದರು. ಇದ್ದದ್ದು ಅದೊಂದೇ ಪ್ರತಿ.

ಪ್ರತಿಗಳನ್ನು ಮಾಡಿಸಿ ಮಾರೋಣವೆಂದು ಅದನ್ನು ಮೊದಲು ಹರಿಹರದ ಕ್ಯಾಸೆಟ್ ಅಂಗಡಿಗೆ ಒಯ್ದೆವು. ಗಿರಾಕಿಗಳು ತಂದ ಖಾಲಿ ಕ್ಯಾಸೆಟ್ಟಿಗೆ ಸಿನಿಮಾ ಹಾಡು ತುಂಬಿಸಿಕೊಡುವುದು ಅಲ್ಲಿನ ಕಸುಬು. ಅಂಗಡಿಯವರು ನಮ್ಮದನ್ನು ಹಾಕಿ, ಬಸ್ಸುಗಳ ಸದ್ದಿನ ನಡುವೆ ಸ್ವಲ್ಪ ಹೊತ್ತು ಕಿವಿಗೊಟ್ಟರು.

"ಇದು ಖಾಲಿ ಐತಲ್ರಿ. ತಡೀರಿ, ಹೊಸಾ ಹಾಡು ತುಂಬ್ಕೊಡ್ತೀನಿ" ಎಂದು ಅಂಗಡಿಯವರು ರೆಕಾರ್ಡಿನ ಕೆಂಪು ಗುಂಡಿ ಒತ್ತಿಯೇಬಿಟ್ಟರು.

"ನಿಲ್ಲಿಸ್ರಿ" ಎಂದು ನಾನು ಕೂಗಿದೆ.

ಅಂಗಡಿಯವರು ಬೆಚ್ಚಿ ಕೈ ತೆಗೆದರು. ನಮ್ಮ ಗಿಟಾರಿನವರು ಕ್ಯಾಸೆಟ್ಟಿನ ಕಡೆ ನೋಡಲೇ ಇಲ್ಲ. ನನ್ನ ತೋಳು ಹಿಡಿದುಕೊಂಡು, ಅಂಗಡಿಯವರತ್ತ ಬಗ್ಗಿ, ಮೆಲ್ಲಗೆ ಕೇಳಿದರು: "ಜೋರಾತೇನ್ರಿ?"