ಆಮೆನ್ ಮಾತ್ರ ಹೇಳುತ್ತಿದ್ದವಳು

ನಂದಗುಡಿ ಕಡೆಯ ರಾಹೇಲಮ್ಮ ಬಲು ಪುಕ್ಕಲು ಹೆಂಗಸು. ಗಂಡ ತೀರಿಕೊಂಡ ಮೇಲೆ ಅವರಿವರ ಮನೆಯ ರಾಗಿ ಬೀಸಿಕೊಟ್ಟು ಬದುಕುತ್ತಿದ್ದಳು. ಆ ಊರಿನಲ್ಲಿ ಕ್ರೈಸ್ತರೆಂದರೆ ಅವಳು ಮತ್ತು ಅವಳಿಗಿಂತ ಹಿರಿಯಳಾದ ಎಸ್ತೇರಮ್ಮ, ಇಬ್ಬರೇ. ಪ್ರಾರ್ಥನೆಯನ್ನು ಯಾವಾಗಲೂ ಎಸ್ತೇರಮ್ಮನೇ ಮಾಡುವಳು. ರಾಹೇಲಮ್ಮ ಕೊನೆಗೆ ಆಮೆನ್ ಎನ್ನುವಳು, ಅಷ್ಟೇ.

ನಲವತ್ತೆರಡನೇ ಇಸವಿಯಲ್ಲಿ ಊರೊಳಗೆ ಇಲಿಗಳು ಸತ್ತು ಬಿದ್ದವು. ಪ್ಲೇಗಿಗೆ ಹೆದರಿ ಎಲ್ಲರೂ ಮನೆ ಬಿಟ್ಟು ಹೊಲಗಳಲ್ಲಿ ದೂರ ದೂರ ಗುಡಿಸಲು ಹಾಕಿಕೊಂಡರು. ಒಬ್ಬರ ಗುಡಿಸಲಿಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಹಾಗಾಗಿ ಎಸ್ತೇರಮ್ಮ ಬೆಳಿಗ್ಗೆ ತನ್ನ ಗುಡಿಸಲ ಮುಂದೆ ನಿಂತು ಕೂಗಿ ಪ್ರಾರ್ಥಿಸುವಳು. ರಾಹೇಲಮ್ಮ ಹೊಲದ ಈಚೆಯಿಂದ ಆಮೆನ್ ಎಂದು ಕೂಗುವಳು. ಇನ್ನೊಬ್ಬಳು ಬದುಕಿದ್ದಾಳೆಂದು ಇಬ್ಬರಿಗೂ ತಿಳಿಯುತ್ತಿದ್ದುದು ಹಾಗೆಯೇ.

ಒಂದು ಬೆಳಿಗ್ಗೆ ಆ ಕಡೆಯಿಂದ ದನಿ ಬರಲಿಲ್ಲ. ಬಿಸಿಲೇರಿದರೂ ಬರಲಿಲ್ಲ. ರಾಹೇಲಮ್ಮ ನಾಲ್ಕು ಹೆಜ್ಜೆ ಹೋಗಿ ಹಿಂದಿರುಗಿದಳು. ಆಮೇಲೆ ಎಸ್ತೇರಮ್ಮನ ಗುಡಿಸಲಿಗೆ ಓಡಿಯೇ ಹೋದಳು.

“ಅಕ್ಕಾ!”

“ಒಳಕ್ಕೆ ಬರ್ಬೇಡ ಕಣೇ, ಜ್ವರ ಬಂದೈತೆ,” ಎಂದು ಎಸ್ತೇರಮ್ಮ ಬಾಗಿಲ ತಡಿಕೆಯ ಹಿಂದಿನಿಂದ ನರಳಿದಳು. “ಇವತ್ತು ನೀನೇ ಪ್ರಾರ್ಥನೆ ಮಾಡು.”

“ನಂಗೆ ಬರಾಕಿಲ್ಲ, ಅಕ್ಕಾ.”

“ಊರೋರ ಮೇಲೆಲ್ಲ ನನ್ನತ್ರ ಚಾಡಿ ಹೇಳಾಕೆ ಬತ್ತದಲ್ಲ? ದೇವರತ್ರಾನೂ ಹಂಗೇ ಹೇಳು.”

“ಅಪ್ಪಾ, ನಂಗೆ ಭಯ ಆಯ್ತದೆ. ಅಕ್ಕನ್ನ ಕರ್ಕೋಬೇಡ...” ಎಂದು ರಾಹೇಲಮ್ಮ ಕಣ್ಣು ಮುಚ್ಚಿ ಪಿಸುಗುಟ್ಟಿದಳು.

“ಜೋರಾಗಿ ಹೇಳೇ, ನಂಗೇ ಕೇಳಿಸ್ತಿಲ್ಲ.”

ರಾಹೇಲಮ್ಮ ಕಣ್ಣೊರೆಸಿಕೊಂಡು ದನಿ ಎತ್ತಿದಳು. ಭಯ ಹೋಗಲಿಲ್ಲ. ಆದರೂ ತಡಿಕೆಗೆ ಬೆನ್ನು ಒರಗಿಸಿ ಕುಳಿತವಳು ಅಂದೆಲ್ಲ ಅಲ್ಲಿಂದ ಏಳಲಿಲ್ಲ.